ಮಳೆ ನಕ್ಷತ್ರವೂ ಆರ್ಕಿಡ್ ಬೇರೂ

ಆರ್ಕಿಡ್ ಗಿಡದ ಕುಂಡ ಬದಲಿಸುವುದು ಯಾವಾಗ, ಬದಲಿಸಿದ ಮೇಲೆ ಗಿಡ ಚೇತರಿಸಿಕೊಳ್ಳುವಂತೆ ನೋಡಿಕೊಳ್ಳುವುದು ಹೇಗೆ ಎಂದು ನಾಲ್ಕು ಜನರನ್ನು ಕೇಳಿದರೆ ನಾಲ್ಕು ಉತ್ತರ ಬರುತ್ತವೆ. ಹೂ ಉದುರಿದ ಕೂಡಲೇ ಬದಲಿಸಿ ಎಂಬುದು ನರ್ಸರಿಯ ಮಾತು. ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ ಎಂಬುದು ಪುಸ್ತಕದ ಮಾತು. ಬೇರು ಕುಂಡದಿಂದ ಆಚೆ ಚಾಚಿದರೆ ಬದಲಿಸಿ ಎನ್ನುವವರೂ ಇದ್ದಾರೆ. ಮಳೆ ಹಿಡಿದ ಮೇಲೆ ಏನು ನೆಟ್ಟರೂ ಜೀವ ಹಿಡಿಯುತ್ತದೆ ಎಂಬ ಮಲೆನಾಡಿನ ರೂಢಿ ಇವೆಲ್ಲಕ್ಕಿಂತ ಗಟ್ಟಿ. ಶಿಕಾರಿಪುರ, ಸೊರಬದಂಥ ಕಡೆ ಈ ಮಾತುಗಳನ್ನು ಇದ್ದ ಹಾಗೇ ಪಾಲಿಸಿದರೆ ಗಿಡ ಉಳಿಯುವುದು ಅದೃಷ್ಟದ ಮೇಲೆ. ಅವೆಲ್ಲ ಹೂವನ್ನೋ ಕ್ಯಾಲೆಂಡರನ್ನೋ ಮೋಡವನ್ನೋ ನೋಡಿ ಹೇಳಿದವು. ನೋಡಬೇಕಾದದ್ದು ಬೇರಿನ ತುದಿಯನ್ನು. ಹೊಸ ಬೇರು ಹೊರಡುವ ಹೊತ್ತಿಗೆ ಕುಂಡ ಬದಲಿಸಿ, ಆ ಬೇರಿಗೆ ಗಾಳಿ ಸಿಗುವಂತೆ ನೋಡಿಕೊಂಡರೆ ಮುಂದಿನ ಚಾಕರಿ ಬಹಳ ಹಗುರ.

ಎರಡು ತಾಲ್ಲೂಕು, ಎರಡು ಹವೆ

ಈ ಎರಡು ತಾಲ್ಲೂಕುಗಳು ಅಕ್ಕಪಕ್ಕದವು. ಎರಡೂ ಪಟ್ಟಣಗಳು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿವೆ. ಆದರೆ ಮಳೆಯ ಲೆಕ್ಕದಲ್ಲಿ ಇವು ಬೇರೆ ಬೇರೆ. ಪಡುವಣದ ಚಂದ್ರಗುತ್ತಿ ಸೀಮೆಯಲ್ಲಿ ಮಳೆ ಜಾಸ್ತಿ. ಅಲ್ಲಿಂದ ಮೂಡಣಕ್ಕೆ ಶಿರಾಳಕೊಪ್ಪ ದಾಟಿ ಶಿಕಾರಿಪುರಕ್ಕೆ ಬರುವಷ್ಟರಲ್ಲಿ ಅಡಿಕೆ, ಭತ್ತದ ನಡುವೆ ಮೆಕ್ಕೆಜೋಳದ ಹೊಲಗಳು ಕಾಣಿಸಿಕೊಳ್ಳುತ್ತವೆ. ಸೊರಬದ ಪಡುವಣ ಅಂಚಿನಲ್ಲಿ ಆಷಾಢದ ಕುಂಡ ವಾರವಾದರೂ ಒಣಗುವುದಿಲ್ಲ. ಶಿಕಾರಿಪುರದ ಮೂಡಣ ಹಳ್ಳಿಗಳಲ್ಲಿ ಅದೇ ತಿಂಗಳು ಮಳೆ ಬಿಡುವು ಕೊಟ್ಟು ಗಾಳಿ ಬೀಸಿದರೆ ಎರಡೇ ದಿನಕ್ಕೆ ಒಣಗುತ್ತದೆ. ಹೀಗಿರುವಾಗ ಬ್ಯಾಂಕಾಕಿನಲ್ಲೋ ಬೆಂಗಳೂರಿನಲ್ಲೋ ಬರೆದ ‘ವಾರಕ್ಕೆ ಎರಡು ಸಲ ನೀರು’ ಎಂಬ ಸೂತ್ರ ಇಲ್ಲಿ ನಡೆಯುವುದಿಲ್ಲ. ಸೊರಬದ ಸೂತ್ರವೇ ಶಿಕಾರಿಪುರದಲ್ಲಿ ನಡೆಯುವುದು ಅನುಮಾನ.

ಆರ್ಕಿಡ್‌ಗಳು ಈ ನೆಲಕ್ಕೆ ಹೊಸಬರಲ್ಲ. ಸೊರಬ, ಸಾಗರದ ಸುತ್ತಲಿನ ಕಾನುಗಳು ಊರವರೇ ಕಾಪಾಡಿಕೊಂಡು ಬಂದ ನಿತ್ಯಹರಿದ್ವರ್ಣದ ತುಂಡುಗಳು; ಕಾಡುಮೆಣಸಿನ, ಬಗನಿಯ, ದೇವರ ಕಾಡುಗಳು. ವಸಾಹತು ಸರ್ಕಾರದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆಯೇ ಒಂದು ಜಂಟಿ ವರದಿ ಬರೆದಿದ್ದರು. ಕಾನಿನ ಮರಗಳ ಮೇಲೂ, ಊರೊಳಗಿನ ಹಲಸು, ಮಾವು, ಮತ್ತಿ ಮರಗಳ ಮೇಲೂ ಸೀತಾಳೆ ದಂಡೆ ನೇತಾಡುತ್ತದೆ. ಸಸ್ಯಶಾಸ್ತ್ರ ಅದನ್ನು ರೈಂಕೋಸ್ಟೈಲಿಸ್ ರೆಟುಸ ಎಂದು ಕರೆಯುತ್ತದೆ. ಎಲೆ ಕಳೆದ ಬರಿ ಕಾಂಡದಲ್ಲಿ ಚಳಿಗಾಲದ ಕೊನೆಗೆ ಬಿಳಿ ಹೂ ಬಿಡುವ ಡೆಂಡ್ರೋಬಿಯಂಗಳು, ದಪ್ಪ ಪಟ್ಟಿ ಎಲೆಯ ಸಿಂಬಿಡಿಯಂ, ಒಣ ಸೀಮೆಯನ್ನೂ ಸಹಿಸುವ ವಾಂಡ ಟೆಸೆಲ್ಲೇಟ ಇವೆಲ್ಲ ಶಿವಮೊಗ್ಗ ಜಿಲ್ಲೆಯ ನಿವಾಸಿಗಳೇ. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ದೇಶದ ಆರ್ಕಿಡ್ ಪ್ರಭೇದಗಳು 1,256. ಅವುಗಳಲ್ಲಿ 757 ಮರದ ಮೇಲೆ ಬೆಳೆಯುವಂಥವು. ನಮ್ಮ ಅಂಗಳದ ಕುಂಡಗಳಲ್ಲಿ ಇರುವವೂ ಬಹುಪಾಲು ಈ ಜಾತಿಯವು. ಇವಕ್ಕೆ ಕುಂಡ ಎಂಬುದೇ ಪರಕೀಯ. ಸಮಸ್ಯೆಯೆಲ್ಲ ಅಲ್ಲಿಂದ ಶುರು.

ಬೇರು ಉಸಿರಾಡುವ ಬಗೆ

ಮರದ ಮೇಲಿನ ಆರ್ಕಿಡ್ ಬೇರನ್ನು ಕತ್ತರಿಸಿ ನೋಡಿದರೆ ನಡುವೆ ಸಣ್ಣ ನಾರು, ಸುತ್ತ ಸ್ಪಂಜಿನಂಥ ದಪ್ಪ ಹೊದಿಕೆ. ಆ ಹೊದಿಕೆಗೆ ವೆಲಾಮೆನ್ ಎಂದು ಹೆಸರು. ಅದು ಸತ್ತ ಕೋಶಗಳ ಪದರ. ಒಣಗಿದಾಗ ಅದರೊಳಗೆ ಗಾಳಿ ತುಂಬಿ ಬೆಳ್ಳಿಯ ಬಣ್ಣ ಬರುತ್ತದೆ. ಮಳೆ ಹನಿ ಬಿದ್ದೊಡನೆ ನೀರು ಹೀರಿ, ಒಳಗಿನ ಹಸಿರು ಹೊರಗೆ ಕಾಣುತ್ತದೆ. ತೊಗಟೆಯ ಮೇಲೆ ಹರಿದುಹೋಗುವ ನೀರನ್ನು ಚಣಮಾತ್ರದಲ್ಲಿ ಹಿಡಿದು, ಮತ್ತೆ ಒಣಗುವುದು ಈ ಬೇರಿನ ಸ್ವಭಾವ. ಸದಾ ತೊಯ್ದೇ ಇದ್ದರೆ ಗಾಳಿಯ ದಾರಿ ಮುಚ್ಚಿ ಒಳಗಿನ ಜೀವಕೋಶಗಳು ಸಾಯುತ್ತವೆ, ಶಿಲೀಂಧ್ರ ಒಳನುಗ್ಗುತ್ತದೆ.

ಇದು ತಿಳಿಯಲು ಯುರೋಪಿಗೂ ಬಹಳ ಕಾಲ ಬೇಕಾಯಿತು. 19ನೇ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡಿಗೆ ಹಡಗುಗಟ್ಟಲೆ ಹೋದ ಉಷ್ಣವಲಯದ ಆರ್ಕಿಡ್‌ಗಳು ಉಗಿ ತುಂಬಿದ, ಗಾಳಿಯಾಡದ ಗಾಜಿನ ಮನೆಗಳಲ್ಲಿ ರಾಶಿರಾಶಿಯಾಗಿ ಸತ್ತವು. ಚಾಟ್ಸ್‌ವರ್ತ್ ಅರಮನೆಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ 1830ರ ದಶಕದಲ್ಲಿ ಕಿಟಕಿ ತೆರೆದು, ಬಿಸಿ ತಗ್ಗಿಸಿ, ಗಾಳಿ ಬಿಟ್ಟ ಮೇಲೆ ಗಿಡಗಳು ಬದುಕತೊಡಗಿದವು. ನಮ್ಮಲ್ಲಿ ತಪ್ಪು ಬೇರೆ ದಿಕ್ಕಿನದು. ಮಾವಿನ ಮರದ ಮೇಲಿನ ಆರ್ಕಿಡನ್ನೂ ಬಂದಳಿಕೆಯ ಲೆಕ್ಕಕ್ಕೆ ಸೇರಿಸಿ ಕಿತ್ತೆಸೆಯುವವರಿದ್ದಾರೆ. ಬಂದಳಿಕೆ ಕೊಂಬೆಯೊಳಗೆ ಬೇರಿಳಿಸಿ ಮರದ ರಸ ಹೀರುತ್ತದೆ. ಆರ್ಕಿಡ್ ತೊಗಟೆಯ ಮೇಲೆ ಅಂಟಿಕೊಂಡು ಮಳೆನೀರು, ಕಸಕಡ್ಡಿಯ ಸಾರದಲ್ಲಿ ಬದುಕುತ್ತದೆ. ಮರಕ್ಕೆ ಅದರಿಂದ ನಷ್ಟವಿಲ್ಲ.

ಯಾವ ಮಳೆಗೆ ಕೈ ಹಾಕಬೇಕು

ಕುಂಡದೊಳಗಿನ ತೆಂಗಿನ ಸಿಪ್ಪೆ, ತೊಗಟೆ, ಪಾಚಿ ಒಂದೆರಡು ಮೂರು ವರ್ಷದಲ್ಲಿ ಕೊಳೆತು ಪುಡಿಯಾಗುತ್ತವೆ. ಗಾಳಿಯ ಸಂದುಗಳು ಮುಚ್ಚುತ್ತವೆ, ಗೊಬ್ಬರದ ಉಪ್ಪು ಉಳಿಯುತ್ತದೆ. ಕುಂಡ ಬದಲಿಸಲು ಇದೇ ನಿಜವಾದ ಕಾರಣ. ಬೇರು ಹೊರಗೆ ಚಾಚುವುದು ಕಾರಣವಲ್ಲ; ವಾಂಡ, ಫಲನಾಪ್ಸಿಸ್‌ಗಳ ಬೇರು ಹೊರಗೆ ಚಾಚುವುದು ಅವುಗಳ ಸಹಜ ಗುಣ.

ಕಾಲದ ಪ್ರಶ್ನೆಗೆ ನಮ್ಮ ರೈತರ ಮಳೆ ನಕ್ಷತ್ರಗಳ ಲೆಕ್ಕವೇ ಅನುಕೂಲ. ಏಪ್ರಿಲ್ ಕೊನೆಯ ಭರಣಿಯಿಂದ ಕೃತ್ತಿಕೆ, ರೋಹಿಣಿಯವರೆಗೆ, ಅಂದರೆ ಜೂನ್ ಮೊದಲ ವಾರದ ತನಕ, ಅಡ್ಡಮಳೆ ಬಿದ್ದು ಬಿಸಿಲೂ ಇರುತ್ತದೆ. ಡೆಂಡ್ರೋಬಿಯಂಗಳ ಬುಡದಲ್ಲಿ ಹೊಸ ಮೊಳಕೆ ಕಾಣುತ್ತದೆ, ಅದರ ಕೆಳಗೆ ಬೇರಿನ ಗುಬಟು ಏಳುತ್ತದೆ. ಸಿಂಬಿಡಿಯಂ ಹೂ ಮುಗಿಸಿರುತ್ತದೆ ಅಥವಾ ಮುಗಿಸುವುದರಲ್ಲಿರುತ್ತದೆ. ಗುಂಪು ಕಟ್ಟಿ ಬೆಳೆಯುವ ಈ ಜಾತಿಗಳಿಗೆ ಎರಡೂ ತಾಲ್ಲೂಕುಗಳಲ್ಲಿ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಬೇರಿನ ಗುಬಟು ಕಾಲಂಗುಲ ಉದ್ದ ಆಗುವ ಮೊದಲೇ ಕೆಲಸ ಮುಗಿಸುವುದು ಲೇಸು. ಉದ್ದ ಬೆಳೆದ ಎಳೆಬೇರು ಕೈ ತಾಗಿದರೆ ಮುರಿಯುತ್ತದೆ; ಡೆಂಡ್ರೋಬಿಯಂನ ಒಂದು ಮೊಳಕೆ ಬೇರು ಬಿಡುವುದು ಸಾಮಾನ್ಯವಾಗಿ ಒಂದೇ ಹಂಗಾಮಿನಲ್ಲಿ.

ಮೃಗಶಿರೆ, ಆರಿದ್ರೆ, ಪುನರ್ವಸು, ಪುಷ್ಯ ಎಂದರೆ ಜೂನ್ ಎರಡನೇ ವಾರದಿಂದ ಆಗಸ್ಟ್ ಆರಂಭದವರೆಗೆ. ಮಳೆ ಹಿಡಿದಾಗ ಏನು ನೆಟ್ಟರೂ ಜೀವ ಹಿಡಿಯುತ್ತದೆ ಎಂಬ ಮಾತು ಮಣ್ಣಿನ ಗಿಡಕ್ಕೆ ಸರಿ, ಕುಂಡದ ಆರ್ಕಿಡ್‌ಗೆ ಅಪಾಯ. ಈ ದಿನಗಳಲ್ಲಿ ಬೇರು ಕತ್ತರಿಸಿದ ಗಾಯ ಒಣಗುವುದಿಲ್ಲ, ಬಿಸಿಲಿಲ್ಲದೆ ಗಿಡವೂ ಮಂಕಾಗಿರುತ್ತದೆ. ವಿಚಿತ್ರವೆಂದರೆ ಕುಂಡಕ್ಕೆ ಕೆಟ್ಟದ್ದಾದ ಇದೇ ಕಾಲ ಮರಕ್ಕೆ ಕಟ್ಟುವ ಗಿಡಕ್ಕೆ ಒಳ್ಳೆಯದು. ಸೀತಾಳೆ ದಂಡೆ ಮೇ, ಜೂನ್‌ನಲ್ಲಿ ಹೂ ಬಿಟ್ಟು ಅದರ ಬೆನ್ನಿಗೇ ಹೊಸ ಬೇರು ಹೊರಡಿಸುತ್ತದೆ. ಆಗ ಅದನ್ನು ಹಲಸಿನ ಕಾಂಡಕ್ಕೆ ಕಟ್ಟಿದರೆ ನೀರು ನಿಲ್ಲಲು ಜಾಗವೇ ಇಲ್ಲ, ತೇವಕ್ಕೆ ಕೊರತೆಯೂ ಇಲ್ಲ. ಬೇರು ತೊಗಟೆಯನ್ನು ಅಪ್ಪಿಕೊಳ್ಳುತ್ತದೆ.

ಎರಡನೆಯ ಅವಕಾಶ ಹಸ್ತ, ಚಿತ್ತೆಯ ಕಾಲ: ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೂರನೇ ವಾರದವರೆಗೆ. ಜಡಿಮಳೆ ನಿಂತಿರುತ್ತದೆ, ಗಾಳಿಯಲ್ಲಿ ತೇವ ಉಳಿದಿರುತ್ತದೆ, ಹಗಲು ಬೆಚ್ಚಗಿರುತ್ತದೆ. ವರ್ಷವಿಡೀ ಬೆಳೆಯುವ ಮಿಶ್ರತಳಿ ಡೆಂಡ್ರೋಬಿಯಂಗಳಿಗೂ, ಬೇರಿನ ತುದಿ ಹಸಿರಾಗಿದ್ದರೆ ಫಲನಾಪ್ಸಿಸ್‌ಗೂ ಇದು ಸಾಕು. ಸ್ವಾತಿ ದಾಟಿ ಚಳಿ, ಒಣಗಾಳಿ ಶುರುವಾದ ಮೇಲೆ ಶಿಕಾರಿಪುರದ ಕಡೆ ಕೈ ಹಾಕದಿರುವುದು ಮೇಲು. ಮಳೆಗಾಲದಲ್ಲಿ ಎದ್ದು ಚಳಿಗಾಲಕ್ಕೆ ಮಲಗುವ ಹ್ಯಾಬನೇರಿಯದಂಥ ನೆಲದ ಆರ್ಕಿಡ್‌ಗಳು ಮಾತ್ರ ಇದಕ್ಕೆ ಹೊರತು. ಅವುಗಳ ಗೆಡ್ಡೆಯನ್ನು ಎಲೆ ಒಣಗಿದ ಮೇಲೆ, ಬೇಸಗೆಯಲ್ಲೇ ಬದಲಿಸಬೇಕು.

ಈ ಪಂಚಾಂಗವನ್ನು ಮುರಿಯಬೇಕಾದ ಒಂದೇ ಸಂದರ್ಭವಿದೆ. ಕುಂಡದಿಂದ ಹುಳಿವಾಸನೆ ಬಂದು, ಗಿಡ ಅಲುಗಾಡುತ್ತಿದ್ದರೆ ಬೇರು ಕೊಳೆಯುತ್ತಿದೆ ಎಂದೇ ಅರ್ಥ. ಆಗ ಆರಿದ್ರೆ ಎಂದು ಕಾಯುತ್ತ ಕೂತರೆ ಗಿಡವೇ ಹೋಗುತ್ತದೆ. ತಕ್ಷಣ ಹೊರತೆಗೆದು, ಕೊಳೆತದ್ದನ್ನು ಕತ್ತರಿಸಿ, ಮಳೆ ಬೀಳದ ಜಗುಲಿಯ ಸೂರಿನಡಿ ಬರಿಬೇರಿನಲ್ಲೇ ತೂಗುಹಾಕಿ ಗಾಯ ಒಣಗಿಸಬೇಕು.

ಕುಂಡದೊಳಗೆ ಏನು

ಪೇಟೆಯ ಪೈನ್ ತೊಗಟೆ, ಸ್ಫ್ಯಾಗ್ನಂ ಪಾಚಿ ಇಲ್ಲದಿದ್ದರೆ ಆರ್ಕಿಡ್ ಬೆಳೆಯದು ಎಂಬ ಭಾವನೆ ಇದೆ. ತಂಪು ದೇಶಗಳಿಗೆ ಅವು ಹೊಂದುತ್ತವೆ. ಮಲೆನಾಡಿಗೆ ಇದ್ದಿಲು, ಹೆಂಚಿನ ಚೂರು, ತೆಂಗಿನ ಸಿಪ್ಪೆಯ ತುಂಡು ಸಾಕು. ಪ್ರಶ್ನೆ ಇರುವುದು ಪ್ರಮಾಣದಲ್ಲಿ. ಸೊರಬದ ಪಡುವಣ ಭಾಗದಲ್ಲಿ ಬಯಲಲ್ಲಿಡುವ ಕುಂಡಕ್ಕೆ ಇದ್ದಿಲು, ಹೆಂಚು ಮಾತ್ರ ಹಾಕಿ ಸಿಪ್ಪೆ ಬಿಟ್ಟರೂ ನಡೆದೀತು. ಶಿಕಾರಿಪುರದ ಮೂಡಣ ಭಾಗಕ್ಕೆ ಮೂರರಲ್ಲಿ ಒಂದು ಪಾಲು ಸಿಪ್ಪೆ ಸೇರಿಸಿದರೆ ಬೇಸಗೆಯಲ್ಲಿ ಅನುಕೂಲ. ಹೊಸ ಸಿಪ್ಪೆಯಲ್ಲಿ ಒಗರು, ಉಪ್ಪು ಇರುವುದರಿಂದ ಹಲವು ದಿನ ನೆನೆಹಾಕಿ, ಕಂದು ನೀರು ಬರುವುದು ನಿಲ್ಲುವ ತನಕ ನೀರು ಬದಲಿಸಬೇಕು. ಮಣ್ಣು, ಕೊಟ್ಟಿಗೆ ಗೊಬ್ಬರ ಎರಡೂ ಬೇಡ.

ನರ್ಸರಿಯಿಂದ ಬರುವ ಫಲನಾಪ್ಸಿಸ್‌ನ ಬುಡದಲ್ಲಿ ಬಿಗಿಯಾಗಿ ಒತ್ತಿದ ಪಾಚಿಯ ಉಂಡೆ ಇರುತ್ತದೆ. ಮಾರುವವರ ಮನೆಯಲ್ಲಿ ಅದಕ್ಕೆ ಅಳತೆಯ ನೀರು ಬೀಳುತ್ತಿತ್ತು. ನಮ್ಮ ಮಳೆಗಾಲಕ್ಕೆ ಅದನ್ನು ಹಾಗೆಯೇ ಬಿಟ್ಟರೆ ಮೇಲೆ ಒಣಗಿ ಒಳಗೆ ನೀರು ಹಿಡಿದುಕೊಂಡು ನಡುಬೇರುಗಳನ್ನು ಕೊಲ್ಲುತ್ತದೆ. ಹೂ ಮುಗಿದ ಮೇಲೆ ಆ ಉಂಡೆಯನ್ನು ಬಿಡಿಸುವುದು ಇಲ್ಲಿ ಅಗತ್ಯ.

ಕುಂಡದ ಆಯ್ಕೆಯಲ್ಲಿ ಕುಂಬಾರರ ಮಣ್ಣಿನ ಕುಂಡಕ್ಕೆ ಮೇಲುಗೈ, ಪಕ್ಕಗಳಲ್ಲೂ ತೂತಿರಬೇಕು ಅಷ್ಟೆ. ದೊಡ್ಡ ಕುಂಡ ಕೊಟ್ಟರೆ ಗಿಡ ದೊಡ್ಡದಾಗುತ್ತದೆ ಎಂಬ ಲೆಕ್ಕ ಡೆಂಡ್ರೋಬಿಯಂಗೆ ತಿರುಗುಬಾಣ. ಬೇರಿಲ್ಲದ ಜಾಗದಲ್ಲಿ ನೀರು ನಿಲ್ಲುತ್ತದೆ. ಇನ್ನೆರಡು ವರ್ಷದ ಬೆಳವಣಿಗೆಗೆ ಹಿಡಿಸುವಷ್ಟು ಜಾಗ ಸಾಕು.

ಕತ್ತರಿಯ ಕೆಲಸ

ಕುಂಡ ಬಿಡಿಸುವ ಮೊದಲು ಅರ್ಧ ಗಂಟೆ ನೀರಲ್ಲಿಟ್ಟರೆ ಬೇರು ಮೆತ್ತಗಾಗಿ ಮುರಿಯುವುದು ಕಡಿಮೆ. ಕುಂಡದ ಗೋಡೆಗೆ ಅಂಟಿದ ಬೇರನ್ನು ಎಳೆಯುವುದಕ್ಕಿಂತ ಕುಂಡವನ್ನೇ ಒಡೆದು, ಚೂರಿನ ಸಮೇತ ಹೊಸ ಕುಂಡಕ್ಕೆ ಇಡುವುದು ವಾಸಿ. ಬೇರನ್ನು ಬೆರಳಲ್ಲಿ ಒತ್ತಿ ನೋಡಬೇಕು. ಗಟ್ಟಿಯಿದ್ದರೆ ಬಣ್ಣ ಕಂದಾಗಿದ್ದರೂ ಜೀವಂತ. ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಉಳಿದರೆ ಸತ್ತದ್ದು, ಅದನ್ನು ಕತ್ತರಿಸಬೇಕು. ಅಂದಕ್ಕಾಗಿ ಒಳ್ಳೆಯ ಬೇರು ಕತ್ತರಿಸುವ ಪದ್ಧತಿಗೆ ಯಾವ ಸಮರ್ಥನೆಯೂ ಇಲ್ಲ.

ಒಂದು ಗಿಡಕ್ಕೆ ಬಳಸಿದ ಕತ್ತರಿಯನ್ನು ಬೆಂಕಿಗೆ ಹಿಡಿಯದೆ ಇನ್ನೊಂದಕ್ಕೆ ಮುಟ್ಟಿಸಬಾರದು. ಸಿಂಬಿಡಿಯಂ ಮೊಸಾಯಿಕ್, ಓಡೊಂಟೊಗ್ಲೋಸಂ ರಿಂಗ್‌ಸ್ಪಾಟ್ ಎಂಬ ಎರಡು ವೈರಸ್‌ಗಳು ಲೋಕದ ಆರ್ಕಿಡ್ ಸಂಗ್ರಹಗಳನ್ನೆಲ್ಲ ವ್ಯಾಪಿಸಿರುವುದು ಮುಖ್ಯವಾಗಿ ಇಂಥ ಕತ್ತರಿಗಳ ಮೂಲಕ. ಅವುಗಳಿಗೆ ಔಷಧವಿಲ್ಲ. ಗಿಡಕ್ಕೊಂದು ಹೊಸ ಬ್ಲೇಡ್ ಬಳಸುವುದು ಎಲ್ಲಕ್ಕಿಂತ ಅಗ್ಗದ ವಿಮೆ.

ಗುಂಪು ಒಡೆಯುವಾಗ ಒಂದೊಂದು ಭಾಗದಲ್ಲಿ ಮೂರಾದರೂ ಕಾಂಡ ಉಳಿಯಬೇಕು. ಹಳೆಯ ಕಾಂಡ ಕುಂಡದ ಅಂಚಿಗೆ ಒರಗಿ, ಹೊಸ ಮೊಳಕೆಯ ಮುಂದೆ ಜಾಗ ಬಿಟ್ಟಿರಬೇಕು. ಬುಡವನ್ನು ಹೂಳಬಾರದು. ಎಲ್ಲ ಆದ ಮೇಲೆ ಗಿಡವನ್ನು ಕೋಲಿಗೋ ಕುಂಡದ ತಂತಿಗೋ ಅಲುಗದಂತೆ ಕಟ್ಟುವುದು ಹೆಚ್ಚಿನವರು ಮರೆಯುವ ಹೆಜ್ಜೆ. ಗಾಳಿಗೆ ಅಲುಗುವ ಗಿಡದ ಎಳೆಬೇರಿನ ತುದಿ ಇದ್ದಿಲಿಗೆ ಉಜ್ಜಿ ಸವೆದು ನಿಲ್ಲುತ್ತದೆ. ಆಮೇಲೆ ಗಿಡ ಏಕೆ ಏಳುತ್ತಿಲ್ಲ ಎಂಬುದು ಯಾರಿಗೂ ತಿಳಿಯುವುದಿಲ್ಲ.

ಚೇತರಿಕೆಯ ವಾರಗಳು

ಕುಂಡ ಬದಲಿಸಿದ ಮೇಲೆ ನೀರು ಕೊಡಬೇಕೇ ಬೇಡವೇ ಎಂಬುದು ಹಳೆಯ ಜಗಳ. ಎರಡು ಪಕ್ಷಕ್ಕೂ ಕಾರಣವಿದೆ. ಬೇರು ಕತ್ತರಿಸದೆ ಇದ್ದ ಹಾಗೇ ಎತ್ತಿಟ್ಟ ಗಿಡಕ್ಕೆ ಆ ದಿನವೇ ನೀರು ಕೊಟ್ಟರೆ ತೊಂದರೆಯಿಲ್ಲ. ಬೇರು ಕತ್ತರಿಸಿದ್ದರೆ ಗಾಯದ ಬಾಯಿ ಕಟ್ಟುವ ತನಕ, ನಾಲ್ಕು ದಿನದಿಂದ ಒಂದು ವಾರ, ಬುಡ ಒಣಗಿರಲಿ; ಬೆಳಿಗ್ಗೆ ಎಲೆಗೆ ಮಾತ್ರ ತುಂತುರು ಸಾಕು.

ಈ ಜ್ಞಾನ ನಮ್ಮ ತೋಟಿಗರಿಗೆ ವೆನಿಲ್ಲಾದ ಮೂಲಕ ಆಗಲೇ ಬಂದಿತ್ತು. ವೆನಿಲ್ಲಾ ಕೂಡ ಆರ್ಕಿಡ್. 2003ರ ಆಸುಪಾಸಿನಲ್ಲಿ ಅದರ ಬೆಲೆ ಆಕಾಶಕ್ಕೇರಿದಾಗ ಮಲೆನಾಡಿನ ಅಡಿಕೆ ತೋಟಗಳಿಗೆಲ್ಲ ಬಳ್ಳಿ ನುಗ್ಗಿತು. ಕೆಲವೇ ವರ್ಷದಲ್ಲಿ ಬೆಲೆ ನೆಲ ಕಚ್ಚಿ, ಕೊಳೆರೋಗಕ್ಕೂ ತುತ್ತಾಗಿ ಹೆಚ್ಚಿನ ಕಡೆ ಅಳಿಯಿತು. ಆಗ ಬಳ್ಳಿಯ ತುಂಡನ್ನು ಕತ್ತರಿಸಿದ ಕೂಡಲೇ ಯಾರೂ ನೆಡುತ್ತಿರಲಿಲ್ಲ. ಸುಮಾರು ಒಂದು ವಾರ ನೆರಳಲ್ಲಿಟ್ಟು ಬಾಡಿಸಿ, ಆಮೇಲೆ ತರಗಿನ ಮೇಲ್ಪದರದಲ್ಲಿ ಊರುತ್ತಿದ್ದರು. ಅಂಗಳದ ಆರ್ಕಿಡ್‌ಗೂ ಸಲ್ಲುವ ಪಾಠ ಅದು.

ಮುಂದಿನ ವಾರಗಳಲ್ಲಿ ಗಿಡದ ಎಲೆ ಸುಕ್ಕುಗಟ್ಟುತ್ತದೆ, ಬುಡದ ಒಂದೆರಡು ಎಲೆ ಹಳದಿಯಾಗಿ ಉದುರುತ್ತವೆ. ಅನಾಹುತವಾಗುವುದು ಇಲ್ಲೇ. ಸುಕ್ಕು ಕಂಡೊಡನೆ ನೀರು ಸಾಲದು ಎಂದು ದಿನಾ ಸುರಿಯುತ್ತೇವೆ. ಕೊರತೆ ಇರುವುದು ನೀರನ್ನು ಹೀರುವ ಬೇರಿನದು. ಸುರಿದ ನೀರು ಉಳಿದ ಬೇರನ್ನೂ ಕೊಳೆಸುತ್ತದೆ. ಮಾಡಬೇಕಾದದ್ದು ಎಲೆಯಿಂದ ನೀರು ಆರುವುದನ್ನು ತಗ್ಗಿಸುವುದು: ಎಂದಿಗಿಂತ ಹೆಚ್ಚು ನೆರಳು, ಸುತ್ತಲ ಗಾಳಿಯಲ್ಲಿ ತೇವ. ಬೇರೆಲ್ಲ ಕಳೆದುಕೊಂಡ ಗಿಡವನ್ನು ಪ್ಲಾಸ್ಟಿಕ್ ಚೀಲದೊಳಗೆ ತೇವದ ಪಾಚಿಯ ಮೇಲಿಟ್ಟು ಬದುಕಿಸುವ ಉಪಾಯ ಎಲ್ಲೆಡೆ ಪ್ರಸಿದ್ಧ. ಮಾರ್ಚ್‌ನ ಶಿಕಾರಿಪುರದಲ್ಲಿ ಅದು ಉಪಯುಕ್ತ, ದಿನಕ್ಕೊಮ್ಮೆ ಬಾಯಿ ತೆರೆದು ಗಾಳಿ ಬಿಟ್ಟರೆ. ಜುಲೈನ ಸೊರಬದಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುವುದರಿಂದ ಚೀಲಕ್ಕೆ ಕೆಲಸವಿಲ್ಲ, ಬೂಷ್ಟಿಗೆ ದಾರಿ ಮಾತ್ರ.

ಚೇತರಿಕೆಯ ಖಚಿತ ಗುರುತು ಬೇರಿನ ತುದಿ. ಹಸಿರೋ ಕೆಂಪೋ ಹೊಳಪಿನ ತುದಿ ಕಂಡು, ಅದು ಬೆರಳ ಒಂದು ಗೆಣ್ಣಿನಷ್ಟು ಬೆಳೆದ ಮೇಲೆ ನೀರು ಹೆಚ್ಚಿಸಬಹುದು, ಗೊಬ್ಬರವನ್ನೂ ಆರಂಭಿಸಬಹುದು. ಸುಲಭವಾಗಿ ಸಿಗುವ 19:19:19 ಗೊಬ್ಬರ ಲೀಟರಿಗೆ ಅರ್ಧ ಗ್ರಾಂ, ಹತ್ತು ಹದಿನೈದು ದಿನಕ್ಕೊಮ್ಮೆ ಸಾಕು. ಜೀವಾಮೃತ, ಗೋಮೂತ್ರ ಹಾಕುವವರು ಬಹಳ ತೆಳು ಮಾಡಿಕೊಳ್ಳಬೇಕು. ಗಟ್ಟಿ ದ್ರಾವಣ ಎಳೆಬೇರಿನ ತುದಿಯನ್ನು ಸುಡುತ್ತದೆ. ಕೊಳವೆಬಾವಿಯ ನೀರು ಗಡಸಾಗಿದ್ದರೆ ಸೂರಿನ ಮಳೆನೀರು ಹಿಡಿದಿಟ್ಟು ಬಳಸುವುದು ಉತ್ತಮ.

ಅಡಿಕೆ ತೋಟದ ನೆರೆಹೊರೆ

ಆರ್ಕಿಡ್ ಬೆಳೆಸುವವರ ಪೈಕಿ ಅನೇಕರ ಗಿಡಗಳು ಅಡಿಕೆ ತೋಟದ ನೆರಳಲ್ಲೇ ಇರುತ್ತವೆ. ನೆರಳು, ತೇವ ಎರಡೂ ಚೆನ್ನ. ಆದರೆ ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರ ಕುಲದ್ದೇ ಇನ್ನೊಂದು ಪ್ರಭೇದ ಆರ್ಕಿಡ್‌ನಲ್ಲಿ ಕಪ್ಪು ಕೊಳೆ ತರುತ್ತದೆ; ಹೊಸದಾಗಿ ಕುಂಡ ಬದಲಿಸಿದ ಗಿಡ ಅದಕ್ಕೆ ಸುಲಭದ ತುತ್ತು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಅಧ್ಯಯನ ಪ್ರಕಟಿಸಿ ತಾಮ್ರ ಬೆರೆತ ಬೋರ್ಡೋ ದ್ರಾವಣವನ್ನು ಮಲೆನಾಡಿಗೆ ರೂಢಿ ಮಾಡಿಸಿದವರು. ಅಡಿಕೆಗೆ ವರವಾದ ಆ ತಾಮ್ರ ಡೆಂಡ್ರೋಬಿಯಂಗೆ ಒಗ್ಗುವುದಿಲ್ಲ, ಮೊಳಕೆ, ಹೂ ಸುಟ್ಟುಹೋಗುತ್ತವೆ. ಔಷಧಿ ಹೊಡೆಯುವ ದಿನ ಕುಂಡಗಳನ್ನು ತೋಟದಿಂದ ಈಚೆಗೆ ತಂದಿಡುವುದು, ಕೊಳೆ ಕಂಡ ಭಾಗವನ್ನು ಒಳ್ಳೆಯ ಅಂಗಾಂಶದವರೆಗೂ ಕತ್ತರಿಸಿ ಗಿಡವನ್ನು ಒಣಗಿಸಿಡುವುದು ಔಷಧಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮಳೆಗಾಲದ ರಾತ್ರಿ ಬಸವನಹುಳು, ಗೊಂಡೆಹುಳುಗಳು ಹುಡುಕಿಕೊಂಡು ಬಂದು ತಿನ್ನುವುದೂ ಅದೇ ಎಳೆಬೇರಿನ ತುದಿಯನ್ನು. ತೂಗುಹಾಕಿದ ಕುಂಡಕ್ಕೆ ಈ ಕಾಟ ಕಡಿಮೆ.

ಗಿಡ ಎಲ್ಲಿಂದ

ಮೀಸಲು ಅರಣ್ಯದ ಮರದಿಂದ ಸೀತಾಳೆ ಕಿತ್ತು ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಕಾಡಿನ ಗಿಡಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಆರ್ಕಿಡ್ ಕುಟುಂಬ ಇಡಿಯಾಗಿ ಸೇರಿದೆ. ಕಾನೂನು ಬದಿಗಿಟ್ಟರೂ ತೊಗಟೆಯಿಂದ ಕಿತ್ತ ಗಿಡ ತನ್ನ ಬೇರುಗಳನ್ನು ಅಲ್ಲೇ ಬಿಟ್ಟು ಬರುತ್ತದೆ, ಮನೆಗೆ ಬರುವುದು ಅರೆಜೀವ. ಅಂಗಳದ ಹಲಸಿನ ಕೊಂಬೆ ಗಾಳಿಗೆ ಮುರಿದಾಗ ಅದರ ಮೇಲಿನ ಗಿಡಗಳನ್ನು ತೊಗಟೆಯ ಸಮೇತ ಕೆತ್ತಿ, ಮೊದಲಿನಷ್ಟೇ ಬೆಳಕು ಬೀಳುವ ಕಡೆ, ಸುಳಿಯಲ್ಲಿ ನೀರು ನಿಲ್ಲದಂತೆ ಓರೆಯಾಗಿ, ಸೆಣಬಿನ ಹಗ್ಗದಲ್ಲಿ ಇನ್ನೊಂದು ಮರಕ್ಕೆ ಕಟ್ಟುವುದು ಮಾತ್ರ ಪುಣ್ಯದ ಕೆಲಸ. ಮಿಕ್ಕವರಿಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಸಸಿಗಳಿವೆ. ಶಿಲೀಂಧ್ರದ ನೆರವಿಲ್ಲದೆ ಮೊಳೆಯಲಾರದ ಆರ್ಕಿಡ್ ಬೀಜವನ್ನು ಸಕ್ಕರೆ ಬೆರೆತ ಅಗರ್ ಮೇಲೆ ಮೊಳೆಯಿಸಬಹುದು ಎಂದು ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದ ಮೇಲೆ ಕಾಡು ದೋಚುವ ಅಗತ್ಯವೇ ಉಳಿದಿಲ್ಲ.

ಇಷ್ಟೆಲ್ಲ ತಿಳಿದಿದ್ದರೂ ಕೈಗೆ ಸಿಗುವ ಬರಹಗಳು ಬಹುಪಾಲು ಹಸಿರುಮನೆಯ ಡೆಂಡ್ರೋಬಿಯಂ, ಫಲನಾಪ್ಸಿಸ್‌ಗಳ ಕುರಿತಾದವು. ಸೀತಾಳೆ, ವಾಂಡ, ಸಿಂಬಿಡಿಯಂಗಳ ಬೇರು ಈ ಎರಡು ತಾಲ್ಲೂಕುಗಳಲ್ಲಿ ಯಾವ ವಾರ ಹೊರಡುತ್ತದೆ, ಯಾವ ವಾರ ನಿಲ್ಲುತ್ತದೆ ಎಂಬುದನ್ನು ಬೆಳೆಸುವವರೇ ಬರೆದಿಡುವುದು ಕಷ್ಟವೇನಲ್ಲ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಕೂಗಳತೆಯಲ್ಲೇ ಇದೆ. ಅಂಥ ಟಿಪ್ಪಣಿಗಳನ್ನು ಹೋಲಿಸಿ ನೋಡಿ, ಸ್ಥಳೀಯ ಜಾತಿಗಳ ಸಸಿ ಬೆಳೆಸಿ ಹಂಚಲು ಅದಕ್ಕಿಂತ ಸೂಕ್ತ ಜಾಗ ಬೇರೆ ಬೇಕಿಲ್ಲ. ಅಲ್ಲಿಯವರೆಗೆ ಯಾರ ಸಲಹೆಯನ್ನು ಪಾಲಿಸುವ ಮೊದಲೂ ಅದು ಎಲ್ಲಿನ ಮಳೆಗೆ, ಯಾವ ಜಾತಿಯ ಬೇರಿಗೆ ಹೇಳಿದ್ದು ಎಂದು ಕೇಳಿಕೊಳ್ಳಬೇಕು. ಉತ್ತರ ಸಿಗದಿದ್ದರೆ ಬುಡ ಬಗ್ಗಿ ನೋಡಿ, ಹಸಿರು ತುದಿ ಕಾಣುವ ತನಕ ಕತ್ತರಿ ಮುಟ್ಟದೆ ಇರುವುದು ಕ್ಷೇಮ.